ಶಾಲೆಯ ಅಂಗಳ ಹಸಿರು ಮಾಡಿದವರು ಅನುಭವ ಹೇಳಿ

ಕೇಳಿದವರು: ನಮ್ಮ ಶಾಲೆಯ ಅಂಗಳ ಪೂರ್ತಿ ಸಿಮೆಂಟು. ಒಡೆದು ಗಿಡ ಹಾಕಬೇಕು ಅಂತಿದ್ದೇವೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ವಿಜ್ಞಾನದ ಮೇಷ್ಟ್ರು: ಮೊದಲು ಗುಂಡಿ ತೋಡಿ ಕೆಳಗೆ ಏನಿದೆ ನೋಡಿ. ನಾವು ನೋಡಲಿಲ್ಲ. ಸಿಮೆಂಟಿನ ಕೆಳಗೆ ಒಂದು ಅಡಿ ಬರೀ ಇಟ್ಟಿಗೆ ಚೂರು, ಗಾರೆ. 11 ಲೋಡ್ ಹೊರಗೆ ಹೋಯಿತು, 9 ಲೋಡ್ ಮಣ್ಣು ಬಂತು. ಒಂದು ಗಿಡ ನೆಡುವ ಮೊದಲೇ ಅರ್ಧ ಹಣ ಖಾಲಿ. ಆ ಮಣ್ಣಿನ ಜೊತೆ ಜೇಕು ಅನ್ನುವ ಕಳೆ ಬೇರೆ ಬಂತು. ಎರಡು ವರ್ಷದಿಂದ ಪ್ರತಿ ಶನಿವಾರ ಕೀಳುತ್ತಿದ್ದೇನೆ. ಒಂದು ಗಡ್ಡೆ ಉಳಿದರೂ ಮತ್ತೆ ಏಳುತ್ತದೆ.

ಇಬ್ಬರು ಮಕ್ಕಳ ತಾಯಿ: ನಾವು 40 ಸಸಿ ನೆಟ್ಟೆವು. ದೊಡ್ಡ ರಜೆಯಲ್ಲಿ ನೀರು ಹಾಕುವವರೇ ಇರಲಿಲ್ಲ. ಶಾಲೆ ತೆರೆದಾಗ ಉಳಿದಿದ್ದು 13. ನನ್ನ ಮಗಳು ತನ್ನ ಗಿಡದ ಒಣಕಡ್ಡಿ ಹಿಡಿದು ಅತ್ತಳು. ಮುಂದಿನ ರಜೆಯಲ್ಲಿ ದಿನಾ ನಾನೇ ಕೊಡ ಹೊತ್ತೆ. ಹುಲ್ಲುಹಾಸು ಮಾತ್ರ ಬೇಡವೇ ಬೇಡ. ಎಷ್ಟು ನೀರು ಕೊಟ್ಟರೂ ಸಾಲದು.

ಆಟದ ಮೇಷ್ಟ್ರು: ಬೇಡವೇ ಬೇಡ ಅಂದರೆ ಮಕ್ಕಳು ಎಲ್ಲಿ ಬೀಳಬೇಕು ಮೇಡಂ? ನಮ್ಮಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಮಧ್ಯಾಹ್ನ ಬರಿಗಾಲು ಇಡಲು ಆಗುತ್ತಿರಲಿಲ್ಲ. ಜಗಳ ಮಾಡಿ ಕೀಳಿಸಿದೆ. ಈಗ ಗರಿಕೆ ಇದೆ. ಎಷ್ಟು ತುಳಿದರೂ ಚಿಗುರುತ್ತದೆ.

ನಿವೃತ್ತ ಎಂಜಿನಿಯರ್: ನೀರಿಲ್ಲ ಅನ್ನುವವರು ಚಾವಣಿ ನೋಡುವುದೇ ಇಲ್ಲ. 200 ಚದರ ಮೀಟರ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್! ನಾವು ಅದನ್ನು ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಟ್ಟೆವು.

ಇಬ್ಬರು ಮಕ್ಕಳ ತಾಯಿ: ರಜೆಯಲ್ಲಿ ಮಳೆ ಬಂದಿದ್ದರೆ ನಾನ್ಯಾಕೆ ಕೊಡ ಹೊರುತ್ತಿದ್ದೆ ಸರ್? ಗುಂಡಿ ಮಾಡಿದರೆ ಸೊಳ್ಳೆ ಬೇರೆ.

ನಿವೃತ್ತ ಎಂಜಿನಿಯರ್: ಸುಮ್ನೆ ಹೆದರಿಸಬೇಡಿ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಎರಡು ದಿನದಲ್ಲಿ ನೀರು ಇಂಗಿದರೆ ತೊಂದರೆ ಇಲ್ಲ. ಇಂಗದಿದ್ದರೆ ಹೂಳು ತುಂಬಿದೆ ಅಂತ ಅರ್ಥ. ನಮ್ಮದೂ ತುಂಬಿತ್ತು. ಈ ವಯಸ್ಸಿನಲ್ಲಿ ಮೂರು ಸಲ ಜಲ್ಲಿ ತೆಗೆದು ತೊಳೆದಿದ್ದೇನೆ.

ವಿಜ್ಞಾನದ ಮೇಷ್ಟ್ರು: ಒಣ ಎಲೆ ಗುಡಿಸಿ ಸುಡುತ್ತಾರೆ ಅಲ್ವಾ, ಅದನ್ನು ಮೊದಲು ನಿಲ್ಲಿಸಿ. ಆ ಎಲೆಯನ್ನು ಗಿಡದ ಬುಡದ ಸುತ್ತ ಮೂರು ಇಂಚು ದಪ್ಪಕ್ಕೆ ಹರಡಿ. ನೀರು ಕಡಿಮೆ ಸಾಕು. ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ.

ಆಟದ ಮೇಷ್ಟ್ರು: ಎಲೆ ರಾಶಿಯಲ್ಲಿ ಹಾವು ಬಂದರೆ ಪೋಷಕರಿಗೆ ಉತ್ತರ ಕೊಡುವವನು ನಾನು, ನೀವಲ್ಲ.

ವಿಜ್ಞಾನದ ಮೇಷ್ಟ್ರು: ರಾಶಿ ಹಾಕಿ ಅಂತ ಯಾರು ಹೇಳಿದರು? ಹರಡಿ ಅಂದೆ. ಓದಿ ಮಾತಾಡಿ.

ಕೇಳಿದವರು: ಎಷ್ಟು ಆಳ ತೋಡಿ ನೋಡಬೇಕು, ಯಾರಾದರೂ ಹೇಳುತ್ತೀರಾ?

ವಿಜ್ಞಾನದ ಮೇಷ್ಟ್ರು: ಎರಡು ಅಡಿ. ಒಂದೇ ಕಡೆ ಅಲ್ಲ, ನಾಲ್ಕು ಮೂಲೆಯಲ್ಲೂ.