ಪದಚರ್ಚೆ: ಫುಟ್‌ಬಾಲಿನ ‘ರೆಲಿಗೇಷನ್’ಗೆ ‘ಹಿಂಬಡ್ತಿ’ ಅಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲಿನಲ್ಲಿ ಪಟ್ಟಿಯ ಕೊನೆಗೆ ಬಂದ ತಂಡ ಕೆಳಗಿನ ಲೀಗಿಗೆ ಹೋಗುವುದಕ್ಕೆ ‘ರೆಲಿಗೇಷನ್’ ಅನ್ನುತ್ತಾರಲ್ಲ, ಆ ಪದದ ಬಗ್ಗೆ ನಿಮ್ಮನ್ನು ಕೇಳೋಣ ಅಂತ ಕೂತೆ. ಅದರ ಬೆನ್ನಿಗೇ ಇನ್ನೂ ನಾಲ್ಕೈದು ಪದ ಬಂದವು. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ, ಸಮಾಧಾನದಿಂದ ಓದಿ.

ಅಮೆರಿಕದ ಮೇಜರ್ ಲೀಗ್ ಸಾಕರ್ ಮತ್ತು ಯುರೋಪಿನ ಲೀಗ್‌ಗಳನ್ನು ಹೋಲಿಸಿ, ಹೈಸ್ಕೂಲ್ ಮಕ್ಕಳಿಗೆ ತಿಳಿಯುವ ಹಾಗೆ ಒಂದು ಬರಹ ಮಾಡುತ್ತಿದ್ದೇನೆ. ಮೆಸ್ಸಿ 2023ರಲ್ಲಿ ಇಂಟರ್ ಮಯಾಮಿಗೆ ಹೋದ ಮೇಲೆ ನಮ್ಮ ಮಕ್ಕಳೂ ಆ ಲೀಗಿನ ಬಗ್ಗೆ ಕೇಳುತ್ತಾರೆ. ಬರೆದಷ್ಟನ್ನು ಮೊನ್ನೆ ನಮ್ಮ ಸೋದರಮಾವನಿಗೆ ಓದಿ ಹೇಳಿದೆ. ಅವರು ಹರೆಯದಲ್ಲಿ ಬೆಂಗಳೂರಿನ ಲೀಗಿನಲ್ಲಿ ‘ಬಿ’ ಡಿವಿಷನ್ ಆಡಿದವರು.

“ಅಮೆರಿಕದಲ್ಲಿ ಕೊನೇ ಸ್ಥಾನಕ್ಕೆ ಬಂದ ಟೀಮು ಏನಾಗುತ್ತೆ?” ಅಂತ ಕೇಳಿದರು.

“ಏನೂ ಆಗಲ್ಲ ಮಾವ. ಮುಂದಿನ ವರ್ಷ ಮತ್ತೆ ಅದೇ ಲೀಗಲ್ಲಿ ಆಡುತ್ತೆ.”

“ಇಂಗ್ಲೆಂಡಲ್ಲಿ?”

“ಅಲ್ಲಿ ಹಿಂಬಡ್ತಿ ಆಗುತ್ತೆ.”

ಮಾವನಿಗೆ ಆ ಪದ ಹಿಡಿಸಲಿಲ್ಲ. “ಹಿಂಬಡ್ತಿ ಆಫೀಸಿನ ಮಾತಲ್ವೇನೋ? ನಾವು ‘ಡಿವಿಷನ್ ಇಳಿದ್ವಿ’ ಅಂತಿದ್ವಿ. ಇಳಿದ ದಿನ ಬೂಟು ಬಿಚ್ಚೋಕೂ ಮನಸ್ಸು ಬರ್ಲಿಲ್ಲ. ಕತ್ತಲಾಗೋವರೆಗೂ ಹಾಗೇ ಗ್ರೌಂಡಲ್ಲಿ ಕೂತಿದ್ವಿ” ಅಂದರು.

ಅವತ್ತಿನಿಂದ ಆ ಪದವನ್ನು ಮುಂದಕ್ಕೆ ಬರೆಯೋಕೆ ನನಗೆ ಕೈ ಬರುತ್ತಿಲ್ಲ.

‘ಹಿಂಬಡ್ತಿ’ ನಮ್ಮ ಪತ್ರಿಕೆಗಳಲ್ಲಿ ಚೆನ್ನಾಗಿ ಓಡಾಡುವ ಪದ. ಕ್ರಿಕೆಟಿಗರ ವಾರ್ಷಿಕ ಗುತ್ತಿಗೆಯಲ್ಲಿ ಯಾರನ್ನಾದರೂ ಕೆಳಗಿನ ದರ್ಜೆಗೆ ಹಾಕಿದರೆ ಹಿಂಬಡ್ತಿ ಅಂತ ಬರೆಯುತ್ತಾರೆ. ಅಲ್ಲಿ ಅದು ಸರಿಯಾಗಿಯೇ ಇದೆ, ಯಾಕೆಂದರೆ ಮಂಡಳಿಯವರು ಕೂತು ತೀರ್ಮಾನ ಮಾಡಿರುತ್ತಾರೆ. ಬಡ್ತಿ ಅಂದರೆ ಮೇಲಿನವರು ಕೊಡುವಂಥದ್ದು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಹಾಗೆ ಕೊಡುವವರು ಯಾರೂ ಇಲ್ಲ. 20 ತಂಡ, ಒಂದೊಂದಕ್ಕೆ 38 ಪಂದ್ಯ. ಕೊನೆಯ ಮೂರು ತಂಡ ಕೆಳಗೆ. ಅಂಕಪಟ್ಟಿಯೇ ಹೇಳಿಬಿಡುತ್ತದೆ.

ಮೂಲ ಪದದ ಹಿನ್ನೆಲೆ ನೋಡಿದೆ. ಲ್ಯಾಟಿನ್ನಿನಲ್ಲಿ ಅದು ‘ದೂರ ಕಳಿಸು’ ಅನ್ನುವ ಮಾತು. ರೋಮನ್ನರಲ್ಲಿ ಈ ಹೆಸರಿನ ಒಂದು ಶಿಕ್ಷೆಯೇ ಇತ್ತು. ಸಾಮ್ರಾಟ ಅಗಸ್ಟಸ್ ಕ್ರಿ.ಶ. 8ರಲ್ಲಿ ಕವಿ ಓವಿಡ್‌ನನ್ನು ಕಪ್ಪು ಸಮುದ್ರದ ದಡದ ಟೋಮಿಸ್‌ಗೆ ಕಳಿಸಿದ್ದು ಇದೇ ಶಿಕ್ಷೆಯ ಮೇಲೆ. ಅವನ ಆಸ್ತಿ ಹೋಗಲಿಲ್ಲ, ಪೌರತ್ವ ಹೋಗಲಿಲ್ಲ. ರೋಮ್ ಮಾತ್ರ ಕೈತಪ್ಪಿತು. ಫುಟ್‌ಬಾಲಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಕೆಳಗೆ ಹೋದ ಕ್ಲಬ್ಬಿಗೆ ಅದೇ ಮೈದಾನ, ಅದೇ ಅಂಗಿ, ಅದೇ ಜನ. ಆಡುವ ಜೊತೆಗಾರರು ಮಾತ್ರ ಬೇರೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ‘ಗಡೀಪಾರು’. ಆದರೆ ಅದನ್ನು ಕೇಳಿದರೆ ಪೊಲೀಸರು, ರೌಡಿಗಳು ನೆನಪಾಗುತ್ತಾರೆ. ಸೋತ ಆಟಗಾರರಿಗೆ ಅದನ್ನು ಹಚ್ಚುವುದು ನನಗೆ ಇಷ್ಟವಿಲ್ಲ.

ಬೇರೆ ನುಡಿಯವರು ಏನನ್ನುತ್ತಾರೆ ಅಂತಲೂ ನೋಡಿದೆ. ಜರ್ಮನ್ನರದು ‘ಆಪ್‌ಷ್ಟೀಗ್’, ಅಂದರೆ ನೇರವಾಗಿ ‘ಇಳಿತ’. ಮೇಲೆ ಹೋಗುವುದಕ್ಕೆ ‘ಔಫ್‌ಷ್ಟೀಗ್’, ‘ಏರು’. ಸ್ಪೇನಿನವರದೂ ಇಳಿಯುವುದೇ, ‘ದೆಸ್ಸೆನ್ಸೊ’. ಇಟಲಿಯವರು ಮಾತ್ರ ‘ರೆಟ್ರೊಚೆಸ್ಸಿಯೋನೆ’ ಅನ್ನುತ್ತಾರೆ. ಅದು ಹಿಂದಕ್ಕೆ ಸರಿಯುವುದು, ನಮ್ಮ ‘ಹಿಂ’ಬಡ್ತಿಯ ಕಡೆಯದು. ಜರ್ಮನಿಯಲ್ಲಿ ‘ರೆಲೆಗಾಟ್ಸಿಯೋನ್’ ಅನ್ನುವ ಪದವೂ ಇದೆ, ಆದರೆ ಅದರ ಅರ್ಥವೇ ಬೇರೆ. ಅಲ್ಲಿನ ಮೊದಲನೇ ಹಂತದ ಲೀಗು ಬುಂಡೆಸ್‌ಲೀಗಾದ 18 ತಂಡಗಳಲ್ಲಿ ಕೊನೆಯ ಎರಡು ನೇರವಾಗಿ ಇಳಿಯುತ್ತವೆ. 16ನೆಯದು ಕೆಳಗಿನ ಲೀಗಿನ ಮೂರನೆಯದರ ಜೊತೆ ಎರಡು ಪಂದ್ಯ ಆಡಬೇಕು. ಉಳಿಯುವುದೋ ಇಳಿಯುವುದೋ ತೀರ್ಮಾನವಾಗುವ ಆ ಎರಡು ಪಂದ್ಯಗಳಿಗೆ ಅಲ್ಲಿ ಆ ಹೆಸರು. ಜರ್ಮನ್ ವರದಿ ಇಟ್ಟುಕೊಂಡು ಬರೆಯುವವರು ಇಲ್ಲಿ ಎಡವಬಹುದು.

ಇಂಗ್ಲೆಂಡಿನ ಜನರ ಬಾಯಲ್ಲೂ ಇರುವುದು ‘ಕೆಳಗೆ ಹೋದರು’ ಅನ್ನುವ ಮಾತೇ. ಇಳಿದ ಕ್ಲಬ್ಬುಗಳಿಗೆ ಪ್ರೀಮಿಯರ್ ಲೀಗ್ ಕೆಲವು ವರ್ಷ ಕೊಡುವ ಹಣಕ್ಕೆ ‘ಪ್ಯಾರಾಚೂಟ್’ ಹಣ ಅಂತಲೇ ಹೆಸರು. ಮೇಲಿಂದ ಬೀಳುವವರಿಗೆ ತಾನೇ ಪ್ಯಾರಾಚೂಟ್ ಬೇಕಾಗುವುದು? ಹಾಗಾದರೆ ಆ ಊರಿನವರ ಮನಸ್ಸಿನಲ್ಲಿರುವ ಚಿತ್ರ ಮಾವ ಹೇಳಿದ್ದೇ. ಹಿಂದೆ ಮುಂದೆ ಅಲ್ಲ, ಮೇಲೆ ಕೆಳಗೆ.

ಈ ಮೇಲೆ ಕೆಳಗೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಲೂಟನ್ ಟೌನ್ ಕ್ಲಬ್ಬನ್ನು ನೋಡಬೇಕು. 2009ರಲ್ಲಿ ಅದು ಐದನೇ ಹಂತಕ್ಕೆ ಇಳಿಯಿತು. ಆ ವರ್ಷ ಹಣಕಾಸಿನ ತಪ್ಪುಗಳಿಗಾಗಿ 30 ಅಂಕ ಕಳೆದಿದ್ದರು. ಐದು ವರ್ಷ ಅಲ್ಲೇ ಇತ್ತು. 2014ರಲ್ಲಿ ಒಂದು ಮೆಟ್ಟಿಲು ಏರಿತು, 2018ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. 2023ರ ಮೇ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಕವೆಂಟ್ರಿ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಪ್ರೀಮಿಯರ್ ಲೀಗಿಗೆ ಬಂತು. ಪೆಲ್ಲಿ ರಡಕ್ ಎಂಪಾಂಜು ಅನ್ನುವ ಆಟಗಾರ ಐದನೇ ಹಂತದಿಂದ ಮೊದಲನೇ ಹಂತದವರೆಗೆ ಅದೇ ಕ್ಲಬ್ಬಿನ ಅಂಗಿಯಲ್ಲೇ ಏರಿ ಬಂದ. ಅವರ ಮೈದಾನ ಕೆನಿಲ್‌ವರ್ತ್ ರೋಡ್, ಸುಮಾರು 12,000 ಜನ ಹಿಡಿಯುವಂಥದ್ದು. ಹೊರಗಿನ ತಂಡದ ಜನ ಒಳಗೆ ಹೋಗುವ ಬಾಗಿಲು ಸಾಲುಮನೆಗಳ ನಡುವೆ ಇದೆ. ಮೆಟ್ಟಿಲು ಹತ್ತುವಾಗ ಅಕ್ಕಪಕ್ಕದ ಮನೆಗಳ ಹಿತ್ತಲು ಕಾಣುತ್ತದೆ. ಮ್ಯಾಂಚೆಸ್ಟರ್ ಸಿಟಿಯಂಥ ತಂಡದವರೂ ಅಲ್ಲಿಗೆ ಬಂದು ಆಡಬೇಕಾಯಿತು. ಒಂದೇ ವರ್ಷ. 2024ರಲ್ಲಿ ಲೂಟನ್ ಇಳಿಯಿತು, 2025ರಲ್ಲಿ ಮತ್ತೂ ಒಂದು ಮೆಟ್ಟಿಲು ಇಳಿಯಿತು. ಇದನ್ನೆಲ್ಲ ‘ಹಿಂಬಡ್ತಿ’ ಅಂತ ಬರೆದು ನೋಡಿ. ಕಡತದ ಧೂಳು ಮೂಗಿಗೆ ಬರುತ್ತದೆ.

ಈಗ ಅಮೆರಿಕ. ಅಲ್ಲಿ ಈ ಪದದ ಕೆಲಸವೇ ಇಲ್ಲ. 1994ರ ವಿಶ್ವಕಪ್ ಅಮೆರಿಕಕ್ಕೆ ಸಿಗಬೇಕಾದರೆ ಅಲ್ಲೊಂದು ದೊಡ್ಡ ಲೀಗ್ ಕಟ್ಟಬೇಕು ಅನ್ನುವ ಮಾತಾಗಿತ್ತು. ಆ ಲೀಗ್ 1996ರಲ್ಲಿ 10 ತಂಡಗಳಿಂದ ಶುರುವಾಯಿತು. 2025ಕ್ಕೆ 30 ಆಗಿವೆ. ಯಾವುದೂ ಕೆಳಗಿಂದ ಗೆದ್ದು ಮೇಲೆ ಬಂದದ್ದಲ್ಲ. ದುಡ್ಡು ಕಟ್ಟಿ ಸೇರಿದವು. ಕೊನೆಗೆ ಬಂದ ಸ್ಯಾನ್ ಡಿಯಾಗೊ ಕಟ್ಟಿದ್ದು 50 ಕೋಟಿ ಡಾಲರ್. ಇಡೀ ಲೀಗ್ ಕಾನೂನಿನ ಪ್ರಕಾರ ಒಂದೇ ಸಂಸ್ಥೆ. ತಂಡದ ಮಾಲೀಕರು ಅದರಲ್ಲಿ ಪಾಲುದಾರರು. ಆಟಗಾರ ಸಹಿ ಹಾಕುವ ಕರಾರು ಕೂಡ ಲೀಗಿನ ಜೊತೆ. ‘ಲೀಗ್’ ಅನ್ನುವ ಪದಕ್ಕೆ ಮೂಲದಲ್ಲಿ ‘ಕಟ್ಟು’ ಅನ್ನುವ ಅರ್ಥವಿದೆ. ಒಕ್ಕೂಟ ಅಂದರೆ ಯುರೋಪಿನ ಲೀಗುಗಳಿಗೆ ಹೊಂದುತ್ತದೆ. ಅಮೆರಿಕದ್ದಕ್ಕೆ ‘ಕಂಪನಿ’ ಅಂದರೇ ಹತ್ತಿರ.

ಕನ್ನಡದ ಓದುಗರಿಗೆ ಅಮೆರಿಕದ ಪದ್ಧತಿ ಹೇಳುವುದು ಸುಲಭ. ಐಪಿಎಲ್ ನಮಗೆ ಎಲ್ಲ ಪದಗಳನ್ನೂ ಕಲಿಸಿಬಿಟ್ಟಿದೆ. ಫ್ರಾಂಚೈಸಿ, ಸಂಬಳಕ್ಕೆ ಮಿತಿ, ಪ್ಲೇಆಫ್ ಎಲ್ಲ ಗೊತ್ತು. ಎಷ್ಟು ಸೋತರೂ ಮುಂದಿನ ವರ್ಷ ತಂಡ ಇದ್ದೇ ಇರುತ್ತದೆ ಅನ್ನುವುದೂ ಗೊತ್ತು. ಕಷ್ಟ ಇರುವುದು ಯುರೋಪಿನದನ್ನು ಹೇಳುವಾಗ. ಅದಕ್ಕೆ ಬೇಕಾದ ಮಾತು ಬೆಂಗಳೂರಿನ ಡಿವಿಷನ್ ಆಟಗಾರರ ಬಾಯಲ್ಲಿತ್ತು. ಅಚ್ಚಿನ ಕನ್ನಡಕ್ಕೆ ಅದು ಬರಲೇ ಇಲ್ಲ ಅನ್ನಿಸುತ್ತದೆ.

‘ಪ್ಲೇಆಫ್’ ಅಂದೆನಲ್ಲ, ಅಲ್ಲೂ ಒಂದು ತೊಡಕಿದೆ. ಅಮೆರಿಕದಲ್ಲಿ, ಐಪಿಎಲ್‌ನಲ್ಲಿ, ಪ್ಲೇಆಫ್ ಚಾಂಪಿಯನ್ ಯಾರು ಅಂತ ತೀರ್ಮಾನಿಸಲು. ಇಂಗ್ಲೆಂಡಿನಲ್ಲಿ ಮೇಲಿನ ಹಂತಕ್ಕೆ ಯಾರು ಏರಬೇಕು ಅನ್ನುವುದಕ್ಕೆ. ಲೂಟನ್ ವೆಂಬ್ಲಿಯಲ್ಲಿ ಗೆದ್ದದ್ದು ಅಂಥದ್ದೇ ಪ್ಲೇಆಫ್. ಆ ವರ್ಷ ಅದು ಆ ಹಂತದ ಚಾಂಪಿಯನ್ ಆಗಿರಲಿಲ್ಲ, ಮೂರನೆಯದು. ಇನ್ನೂ ಒಂದು ಗೋಜಲು: ಇಂಗ್ಲೆಂಡಿನ ಎರಡನೇ ಹಂತದ ಹೆಸರೇ ‘ಚಾಂಪಿಯನ್‌ಶಿಪ್’, ಮೂರನೇ ಹಂತ ‘ಲೀಗ್ ಒನ್’! ಲೆಸ್ಟರ್ ಕ್ಲಬ್ಬು 2024ರಲ್ಲಿ ಚಾಂಪಿಯನ್‌ಶಿಪ್ ಗೆದ್ದಿತು ಅಂತ ಸುಮ್ನೆ ಬರೆದರೆ, ಇಡೀ ಇಂಗ್ಲೆಂಡಿನ ಚಾಂಪಿಯನ್ ಅಂತ ಓದುಗರು ತಿಳಿಯುತ್ತಾರೆ. ಅದನ್ನು ಲೆಸ್ಟರ್ ಗೆದ್ದದ್ದು 2016ರಲ್ಲಿ. ನಾನಂತೂ ‘ಎರಡನೇ ಹಂತ’, ‘ಮೂರನೇ ಹಂತ’ ಅಂತ ಬಿಡಿಸಿ ಬರೆಯಲು ತೀರ್ಮಾನಿಸಿದ್ದೇನೆ.

‘ಚಾಂಪಿಯನ್’ ಪದ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರದ್ದು. ಅದಕ್ಕೆ ಕಾರಣ 2018ರ ಮಾರ್ಚ್ 17. ಅವತ್ತು ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಫುಟ್‌ಬಾಲಿನ ಫೈನಲ್. ಬೆಂಗಳೂರು ಎಫ್‌ಸಿ ಅಂಕಪಟ್ಟಿಯಲ್ಲಿ ಎರಡನೆಯ ತಂಡಕ್ಕಿಂತ 8 ಅಂಕ ಮುಂದಿತ್ತು. ಒಂಬತ್ತನೇ ನಿಮಿಷಕ್ಕೆ ಸುನಿಲ್ ಚೆಟ್ರಿ ಹಾರಿ ತಲೆ ಕೊಟ್ಟು ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಿಂದಲೇ ಗೋಲಿಗೆ ಕಳಿಸಿದರು. 3-2ರಲ್ಲಿ ಸೋತೆವು. ನನ್ನ ಪಕ್ಕ ಕೂತಿದ್ದ ಹುಡುಗ ನೀಲಿ ಸ್ಕಾರ್ಫನ್ನು ಮುಖಕ್ಕೆ ಒತ್ತಿಕೊಂಡು, “ನಾವೇ ಮೊದಲು ಇದ್ವಲ್ಲ ಅಣ್ಣ” ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅದೇ ತಂಡ ಭಾರತದ್ದೇ ಇನ್ನೊಂದು ಲೀಗಾದ ಐ-ಲೀಗ್‌ನಲ್ಲಿ 2014ರಲ್ಲಿ, 2016ರಲ್ಲಿ ಚಾಂಪಿಯನ್ ಆಗಿದ್ದು ಪಟ್ಟಿಯಲ್ಲಿ ಮೊದಲು ಬಂದದ್ದಕ್ಕೇ. ಆಗ ಆ ಲೀಗಿನ ಲೆಕ್ಕ ಯುರೋಪಿನದಾಗಿತ್ತು, ಐಎಸ್ಎಲ್‌ನದು ಅಮೆರಿಕದ್ದಾಗಿತ್ತು.

ಮೆಸ್ಸಿಯ ತಂಡಕ್ಕೂ ಹೀಗೇ ಆಯಿತು. 2024ರಲ್ಲಿ ಇಂಟರ್ ಮಯಾಮಿ 74 ಅಂಕ ಗಳಿಸಿತು. ಆ ಲೀಗಿನಲ್ಲಿ ಅದು ದಾಖಲೆ. ಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಸಪೋರ್ಟರ್ಸ್ ಶೀಲ್ಡ್ ಅದಕ್ಕೆ ಕೊಟ್ಟರು. ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಅಟ್ಲಾಂಟಾ ಎದುರು ಹೊರಬಿತ್ತು. ಪ್ಲೇಆಫ್ ಗೆದ್ದವರ ಕಪ್ ಎಲ್ಎ ಗ್ಯಾಲಕ್ಸಿ ತಂಡಕ್ಕೆ ಹೋಯಿತು. ಮರುವರ್ಷ ತಿರುಗು ಮುರುಗು, ಶೀಲ್ಡ್ ಫಿಲಡೆಲ್ಫಿಯಾಕ್ಕೆ, ಕಪ್ ಮಯಾಮಿಗೆ. ಸ್ಪೇನಿನಲ್ಲಿ, ಜರ್ಮನಿಯಲ್ಲಿ 74 ಅಂಕದ ಆ ತಂಡವೇ ಚಾಂಪಿಯನ್. ಹಾಗಾಗಿ ‘ಚಾಂಪಿಯನ್’ ಅಂತ ಒಂದೇ ಪದ ಎರಡು ಕಡೆಗೂ ಬಳಸಿದರೆ ಮಕ್ಕಳಿಗೆ ತಪ್ಪು ತಿಳಿಯುತ್ತದೆ. ಸದ್ಯಕ್ಕೆ ‘ಪಟ್ಟಿಯ ಮೊದಲಿಗರು’, ‘ಕಪ್ ಗೆದ್ದವರು’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ನಿಮಗೆ ಹೊಳೆದರೆ ಹೇಳಿ.

ಸಣ್ಣವು ಇನ್ನೆರಡು. ಅಮೆರಿಕದ ಲೀಗಿನ ‘ಡ್ರಾಫ್ಟ್’ ಅನ್ನು ಒಂದು ಜಾಲತಾಣದಲ್ಲಿ ‘ಕರಡು’ ಅಂತ ಮಾಡಿದ್ದು ನೋಡಿದೆ. ಅದು ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು. ಹಿಂದಿನ ವರ್ಷ ಕೆಳಗಿದ್ದವರಿಗೆ ಸರದಿ ಮೊದಲು. ‘ಸರದಿ ಆಯ್ಕೆ’ ಅಂದರೆ ಸಾಕಲ್ವಾ? ಇನ್ನು ‘ಸಾಕರ್’ ಅಮೆರಿಕದವರು ಕಟ್ಟಿದ ಪದ ಅಂತ ಅನೇಕರು ಬೈಯುತ್ತಾರೆ. ಅದು ಇಂಗ್ಲೆಂಡಿನದೇ. ‘ಅಸೋಸಿಯೇಷನ್ ಫುಟ್‌ಬಾಲ್’ನ ‘ಅಸೋಸಿಯೇಷನ್’ ಅನ್ನು ಅಲ್ಲಿನ ವಿದ್ಯಾರ್ಥಿಗಳು 19ನೇ ಶತಮಾನದಲ್ಲಿ ಮೊಟಕು ಮಾಡಿಕೊಂಡದ್ದು. ರಗ್ಬಿಯನ್ನು ‘ರಗ್ಗರ್’ ಅಂದ ಹಾಗೆ.

ಮತ್ತೆ ಮೊದಲ ಪದಕ್ಕೆ ಬರುತ್ತೇನೆ. ನನ್ನ ಒಲವು ‘ಇಳಿತ’ದ ಕಡೆಗೆ. ‘ಇಳಿಕೆ’ ಅಂದರೆ ಚಿನ್ನದ ಬೆಲೆ ನೆನಪಾಗುತ್ತದೆ. ‘ಏರಿಳಿತ’ ಅಂತ ಕೂಡಿಸಿದರೆ ಬಿಪಿಯದೋ ಷೇರಿನದೋ ಸುದ್ದಿಯಾಗುತ್ತದೆ. ‘ಇಳಿತ’ ಒಂದೇ ನಿಂತರೆ ಕರಾವಳಿಯವರಿಗೆ ಸಮುದ್ರ ನೆನಪಾಗಬಹುದು, ಅದು ಒಳ್ಳೆಯದೇ. ‘ಲೂಟನ್‌ಗೆ ಇಳಿತ’, ‘ಇಳಿತದ ಅಂಚಿನಲ್ಲಿ ಮೂರು ತಂಡ’ ಅಂತ ತಲೆಬರಹ ಬರೆದು ನೋಡಿದೆ, ಕಣ್ಣಿಗೆ ಒಪ್ಪುತ್ತದೆ. ಇಳಿಯುವ ಏರುವ ಲೀಗುಗಳಿಗೆ ‘ಏಣಿ ಲೀಗ್’, ಅಮೆರಿಕದ್ದಕ್ಕೆ ‘ಕಾಯಂ ತಂಡಗಳ ಲೀಗ್’ ಅಂತ ಇಟ್ಟಿದ್ದೇನೆ. ಹಾವು ಏಣಿ ಆಡಿದ ಮಕ್ಕಳಿಗೆ ಏಣಿ ಬೇಗ ಹತ್ತುತ್ತದೆ.

ಬಳಗದಲ್ಲಿ ಆಸ್ಟಿನ್ ಟೌನ್, ಗೌತಮಪುರ, ಬೆಳಗಾವಿ, ಮಂಗಳೂರು ಕಡೆ ಆಡಿದವರು, ಆಟ ನೋಡಿ ಬೆಳೆದವರು ಇದ್ದೇ ಇರುತ್ತೀರಿ. ನಿಮ್ಮ ಕ್ಲಬ್ಬು ಡಿವಿಷನ್ ಕಳೆದುಕೊಂಡಾಗ ನೀವು ಏನನ್ನುತ್ತಿದ್ದಿರಿ? ಇಳಿದ್ವಿ ಅಂತಲೋ, ಬಿದ್ವಿ ಅಂತಲೋ, ಬೇರೆ ಮಾತು ಇತ್ತೋ? ಮತ್ತೆ ಮೇಲೆ ಬಂದಾಗ? ಕ್ಲಬ್ ಕ್ರಿಕೆಟ್ಟಿನವರೂ ಹೇಳಿ, ಅಲ್ಲೂ ಡಿವಿಷನ್‌ಗಳಿವೆ. ಬರಹ ಕೊಡಲು ಇನ್ನೂ ಎರಡು ವಾರ ಇದೆ. ನೀವು ಬರೆದದ್ದನ್ನು ಮಾವನಿಗೂ ಓದಿ ಹೇಳುತ್ತೇನೆ.