ವಾಘೋಲಿಯ ಹಳೆಯ ಕಲ್ಲುಗಣಿಗೆ ಎಂಥ ಕಲಾಕೃತಿ?

ವಾಘೋಲಿ ನಿವಾಸಿ: ನಮ್ಮ ವಸತಿ ಸಂಕೀರ್ಣದ ಹಿಂದೆ ಕೆಲಸ ನಿಂತ ಒಂದು ಕಲ್ಲುಗಣಿ ಇದೆ. ಅದರ 'ಕೈಗಾರಿಕಾ ಪರಂಪರೆ'ಯ ನೆನಪಿಗೆ ಸುತ್ತಿಗೆ ಎತ್ತಿದ ಕಾರ್ಮಿಕನ ಸ್ಟೀಲ್ ಪ್ರತಿಮೆ ಮಾಡಿಸೋಣ ಎನ್ನುತ್ತಿದ್ದಾರೆ ಬಿಲ್ಡರ್. ನನಗಂತೂ ಒಪ್ಪಿಗೆ. ಪುಣೆಯ ಕನ್ನಡಿಗರು ಏನೆನ್ನುತ್ತೀರಿ?

ಯಾದಗಿರಿಯವಳು: ಕರಿಕಲ್ಲು ಒಡೆದವರಿಗೆ ಸ್ಟೀಲಿನ ಸ್ಮಾರಕವೇ! ನಮ್ಮ ಕಡೆಯಿಂದ, ಮರಾಠವಾಡದಿಂದ ಬಂದವರು ಗಣಿಯ ಅಂಚಿನಲ್ಲೇ ತಗಡಿನ ಶೆಡ್ ಹಾಕಿಕೊಂಡು ಖಡಿ, ಅಂದರೆ ಜಲ್ಲಿಕಲ್ಲು, ಒಡೆದರು. ಕೂಲಿ ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಮುಂಗಡದ ಲೆಕ್ಕ ಮುಕಾದಮನ, ಅಂದರೆ ಕೂಲಿಗಳ ಮೇಸ್ತ್ರಿಯ, ಪುಸ್ತಕದಲ್ಲಿ. ಪ್ರತಿಮೆಯ ಕೆಳಗಿನ ಫಲಕದಲ್ಲಿ ಯಾರ ಹೆಸರು ಇರುತ್ತದೆ ಎಂಬುದನ್ನು ಬೇರೆ ಹೇಳಬೇಕೇ?

ವಾಘೋಲಿ ನಿವಾಸಿ: ಹಾಗಾದರೆ ಏನೂ ಬೇಡವೇ?

ಚಿತ್ರಕಲಾ ಶಿಕ್ಷಕ: ಬೇಕು, ಆದರೆ ಗಣಿಯ ಕಲ್ಲಿನಲ್ಲೇ ಆಗಲಿ. ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ದ್ವೀಪದ ಟೌಟ್ ಗಣಿಯಲ್ಲಿ 1983ರಿಂದ ಶಿಲ್ಪಿಗಳು ಅಲ್ಲಿ ಉಳಿದ ಬಂಡೆಗಳಲ್ಲೇ ಕೆತ್ತಿದ್ದಾರೆ. ಆಂಟನಿ ಗಾರ್ಮ್ಲಿ ಕೆತ್ತಿದ, ಕೆಳಕ್ಕೆ ಬೀಳುತ್ತಿರುವ ಮನುಷ್ಯ ಅಲ್ಲಿದ್ದಾನೆ.

ಕಲ್ಲಿನ ಹುಚ್ಚ: ಅದು ಸುಣ್ಣಕಲ್ಲು ಸ್ವಾಮಿ. ಇದು ಬಸಾಲ್ಟ್, ಗಟ್ಟಿ ಕರಿಕಲ್ಲು, ಉಳಿಯ ಮೊನೆ ಮುರಿಯುತ್ತದೆ.

ಚಿತ್ರಕಲಾ ಶಿಕ್ಷಕ: ರಾಷ್ಟ್ರಕೂಟರ ಕಾಲದಲ್ಲಿ ಎಲ್ಲೋರಾದ ಕೈಲಾಸವನ್ನು ಕಡಿದದ್ದು ಯಾವ ಕಲ್ಲಿನಲ್ಲಿ? ವಡ್ಡರು ಬೀಸುಕಲ್ಲು, ಒರಳು ಮಾಡುವುದು ಯಾವುದರಲ್ಲಿ?

ಕಲ್ಲಿನ ಹುಚ್ಚ: ಇರಲಿ, ಆ ಮಾತು ನಿಮ್ಮದೇ. ಆದರೆ ವಾಘೋಲಿ ಜಗತ್ತಿಗೆ ಗೊತ್ತಿರುವುದು ಖಡಿಯಿಂದಲ್ಲ, ಕ್ಯಾವನ್ಸೈಟ್ ಎಂಬ ಖನಿಜದಿಂದ. ಕಲ್ಲಿನ ಪೊಟರೆಯೊಳಗೆ ಪೀಚ್ ಬಣ್ಣದ ಸ್ಟಿಲ್ಬೈಟ್ ಹರಳು, ಅದರ ಮೇಲೆ ಕಡುನೀಲಿ ಸೂಜಿಗಳ ಪುಟ್ಟ ಚೆಂಡು. ಆ ನೀಲಿ ವೆನೇಡಿಯಂ ಎಂಬ ಲೋಹದ್ದು. ಇದರ ಅತ್ಯುತ್ತಮ ಮಾದರಿಗಳು ಸಿಕ್ಕಿದ್ದು ಇಲ್ಲಿಯೇ. ಪರಂಪರೆ ಎನ್ನುವವರು ಇದನ್ನು ಬಿಟ್ಟರೆ ಹೇಗೆ?

ಅಂಧೇರಿಯಿಂದ: ಮುಂಬೈಯಲ್ಲಿ ನಮ್ಮ ಗಿಲ್ಬರ್ಟ್ ಹಿಲ್ ನೋಡಿ. ಸುಮಾರು 60 ಮೀಟರ್ ಎತ್ತರದ ಬಸಾಲ್ಟ್ ಕಂಬಗಳ ಗುಡ್ಡ. ಸುತ್ತಲೂ ಕಲ್ಲು ತೆಗೆದು ತೆಗೆದು ಉಳಿದದ್ದು ಇಷ್ಟೇ. ಈಗ ಕಟ್ಟಡಗಳು ಅದರ ಬುಡಕ್ಕೇ ಬಂದಿವೆ. ನಿಮ್ಮ ಗಣಿಯ ಗೋಡೆ ಮೊದಲು ಉಳಿಯಲಿ, ಶಿಲ್ಪದ ಮಾತು ಆಮೇಲೆ.

ಯಾದಗಿರಿಯವಳು: ಹೌದು. ಆ ಗೋಡೆಯಲ್ಲಿ ಸಿಡಿಮದ್ದಿಗೆ ಕೊರೆದ ರಂಧ್ರಗಳು ಅರ್ಧ ಸೀಳಿಕೊಂಡು, ಉದ್ದಕ್ಕೆ ಇಳಿದ ಕೊಳವೆಗಳ ಗುರುತಾಗಿ ನಿಂತಿವೆ. ಕೆಲಸದ ಅಂಥ ದಾಖಲೆ ಯಾವ ಕಚೇರಿಯಲ್ಲಿದೆ? ಅದಕ್ಕೆ ಗಿಲಾವು ಮಾಡಿ ಬಣ್ಣ ಬಳಿಯದಂತೆ ಕರಾರಿನಲ್ಲೇ ಬರೆಸಿ. ಕಲಾವಿದರಿಗೆ ಸಂಭಾವನೆ ಕೊಡುವಾಗ ಕಲ್ಲು ಒಡೆದು ಬಲ್ಲವರನ್ನೂ ಸಂಬಳಕ್ಕೆ ಸೇರಿಸಿ. ಹೊಂಡದಲ್ಲಿ ಮಳೆನೀರು ನಿಲ್ಲುತ್ತದೆ, ದೀಪಕ್ಕಿಂತ ಮೊದಲು ಬೇಲಿ ಬರಲಿ.

ವಾಘೋಲಿ ನಿವಾಸಿ: ಇಷ್ಟೆಲ್ಲ ನಾನೊಬ್ಬನೇ ಹೇಳಿದರೆ ಬಿಲ್ಡರ್ ಕೇಳುತ್ತಾರೆಯೇ? ಭಾನುವಾರ ಸಭೆ ಇದೆ.

ಯಾದಗಿರಿಯವಳು: ಶೆಡ್ಡಿನವರನ್ನೂ ಕರೆಯಿರಿ.

ವಾಘೋಲಿ ನಿವಾಸಿ: ಸಭೆ ಕ್ಲಬ್‌ಹೌಸಿನಲ್ಲಿ. ಹೊರಗಿನವರಿಗೆ ಗೇಟಿನಲ್ಲಿ ಪಾಸ್ ಬೇಕು.

ಯಾದಗಿರಿಯವಳು: ಪಾಸ್ ನೀವೇ ಮಾಡಿಸಿ.