ಕೃತಕ ಕೈಗೆ ಮುಟ್ಟಿದ್ದು ತಿಳಿಯುವಂತೆ ಮಾಡಬಹುದೇ?

ಎಡಗೈ ಬಂಟ, ಹಾಸನ:
ಮೊಣಕೈ ಕೆಳಗೆ ಎಡಗೈ ಇಲ್ಲ. ಮಯೋಎಲೆಕ್ಟ್ರಿಕ್ ಕೈ, ಅಂದರೆ ಸ್ನಾಯುವಿನ ವಿದ್ಯುತ್ ಸಂಕೇತದಿಂದ ನಡೆಯುವ ಮೋಟರ್ ಕೈ ಹಾಕಿಸಿಕೊಂಡಿದ್ದೇನೆ. ಮುಂಗೈಯ ಒಂದು ಸ್ನಾಯು ಬಿಗಿದರೆ ಮುಚ್ಚುತ್ತದೆ, ಇನ್ನೊಂದು ಬಿಗಿದರೆ ತೆರೆಯುತ್ತದೆ, ಅದರಲ್ಲಿ ದೂರಿಲ್ಲ. ಆದರೆ ಕಣ್ಣು ಆಚೆ ಹೋದರೆ ಕೆಲಸ ಕೆಟ್ಟಿತು. ಮದುವೆ ಮನೆಯಲ್ಲಿ ನೆಂಟರನ್ನು ಮಾತನಾಡಿಸಲು ತಿರುಗಿದೆ, ಕಾಗದದ ಲೋಟ ಅಪ್ಪಚ್ಚಿಯಾಗಿ ಕಾಫಿಯೆಲ್ಲ ಪಂಚೆಯ ಮೇಲೆ. ತೋಳಿಗೆ ಕಂಪನ ಕೊಡುವ ಕೈಗಳು ಬಂದಿವೆಯಂತೆ. ಬಳಸಿದವರಿದ್ದೀರಾ? ಪವಾಡದ ವಿಡಿಯೊ ಕಳಿಸಬೇಡಿ, ಬೇಕಾದಷ್ಟು ನೋಡಿದ್ದೇನೆ.

ಸರ್ಕ್ಯೂಟ್:
ವಿಡಿಯೊ ಇಲ್ಲ, ಒಂದೇ ಸಂಗತಿ. ಕೈ ಕಳೆದುಕೊಂಡಿದ್ದ ಡೆನ್ಮಾರ್ಕಿನ ಡೆನ್ನಿಸ್ ಆಬೊ ಸೊರೆನ್ಸೆನ್ ಅವರ ತೋಳಿನ ನರಗಳಲ್ಲಿ 2013ರಲ್ಲಿ ರೋಮ್‌ನ ವೈದ್ಯರು ಎಲೆಕ್ಟ್ರೋಡ್ (ವಿದ್ಯುತ್ ಸಂಕೇತ ದಾಟಿಸುವ ಪುಟ್ಟ ಸಾಧನ) ಇಟ್ಟು, ಕೃತಕ ಕೈಯ ಸೆನ್ಸರ್‌ಗಳ ಸುದ್ದಿ ಅವುಗಳ ಮೂಲಕ ನರಕ್ಕೆ ಮುಟ್ಟುವಂತೆ ಮಾಡಿದರು. ಹಿಡಿದದ್ದು ಗಟ್ಟಿಯೋ ಮೆದುವೋ ಎಂದು ಅವರು ಕಣ್ಣು ಕಟ್ಟಿಕೊಂಡೇ ಹೇಳಿದರು. ಕಿವಿಯನ್ನೂ ಮುಚ್ಚಿದ್ದರು, ಏಕೆಂದರೆ ಮೋಟರಿನ ಸದ್ದು ಕೇಳಿಯೇ ಹಿಡಿತವನ್ನು ಅಂದಾಜು ಮಾಡಬಹುದು. ಅದು ಪ್ರಯೋಗ, ಸುಮಾರು ಒಂದು ತಿಂಗಳಲ್ಲಿ ಎಲೆಕ್ಟ್ರೋಡ್‌ಗಳನ್ನು ತೆಗೆದರು.

ಹಳೇ ಕೊಕ್ಕೆ:
ಬಂಟರೇ, ನಾನು ಮೊದಲು ಕೈಯ ಬದಲು, ಹೆಗಲ ಪಟ್ಟಿಯಿಂದ ತಂತಿ ಎಳೆದು ತೆರೆಯುವ ಕೊಕ್ಕೆ ಬಳಸುತ್ತಿದ್ದೆ. ನೋಡಲು ಒರಟು, ಆದರೆ ಹೆಗಲ ಪಟ್ಟಿಯ ಬಿಗಿತವೇ ಎಲ್ಲ ಹೇಳುತ್ತಿತ್ತು. ಮೂಗುದಾರ ಹಿಡಿದವನಿಗೆ ಎತ್ತಿನ ಮನಸ್ಸು ತಿಳಿದಂತೆ. ಮೋಟರ್ ಕೈ ಬಂದ ಮೇಲೆ ಆ ಸುದ್ದಿ ನಿಂತುಹೋಯಿತು.

ಈಗಿನದ್ದರಲ್ಲಿ ಬೆರಳ ತುದಿಯಲ್ಲಿ ಒತ್ತಡದ ಸೆನ್ಸರ್, ತೋಳಿಗೆ ಒತ್ತಿಕೊಂಡ ಪುಟ್ಟ ಕಂಪನದ ಮೋಟರ್. ಹಿಡಿತ ಹೆಚ್ಚಿದಂತೆ ಕಂಪನ ಹೆಚ್ಚುತ್ತದೆ ಎಂದು ಮಾರುವವರು ಹೊಗಳುತ್ತಾರೆ. ನನ್ನ ಮಟ್ಟಿಗೆ ಆ ಏರಿಳಿತ ಬರೀ ಗುಂಯ್‌ಗುಡುವಿಕೆ. ಚರ್ಮ ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಕೆಲಸಕ್ಕೆ ಬಂದದ್ದು ಎರಡೇ: ವಸ್ತು ತಾಗಿದಾಗ ಒಂದು ತಟ್ಟು, ಬಿಟ್ಟಾಗ ಇನ್ನೊಂದು. ತಾಗಿತೆಂದು ಗೊತ್ತಾದರೆ ಅಲ್ಲೇ ಸ್ನಾಯು ಸಡಿಲಿಸಬಹುದು, ಎದುರಿನವರ ಮುಖ ನೋಡಿ ಮಾತನಾಡಬಹುದು. ಹಾಗೆ ಹೊಂದಿಸಲು ಬರುತ್ತದೆಯೇ ಎಂದು ಕೇಳಿ. ಬಾರದಿದ್ದರೆ ದುಡ್ಡು ಉಳಿಸಿ.

ಅದಕ್ಕೂ ಮುಂಚೆ ಪೆನ್ನಿನ ಮುಚ್ಚಳದಿಂದ ಉಳಿದ ಕೈಯ ತುದಿಯನ್ನೆಲ್ಲ ಒತ್ತಿ ನೋಡಿ. ಕೆಲವರಿಗೆ ಅಲ್ಲಿ ಒತ್ತಿದರೆ ಇಲ್ಲದ ಬೆರಳನ್ನೇ ಮುಟ್ಟಿದಂತಾಗುತ್ತದೆ. ಕಂಪನ ಅದೇ ಜಾಗದಲ್ಲಿ ಬಂದರೆ ಯಾವ ಬೆರಳೆಂದು ಲೆಕ್ಕ ಹಾಕುವ ಗೋಜಿರುವುದಿಲ್ಲ.

ಎಡಗೈ ಬಂಟ, ಹಾಸನ:
ಒತ್ತಿ ನೋಡಿದೆ. ಒಳಬದಿಯಲ್ಲಿ ಹೆಬ್ಬೆರಳು ಸಿಕ್ಕಿತು! ತೋರುಬೆರಳು ಅರೆಬರೆ, ಉಳಿದವು ಇಲ್ಲ. ಆದರೆ ಕೈ ಮುಚ್ಚುವ ಸ್ನಾಯುವಿನ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಚರ್ಮದ ಮೇಲೆ ಕೂರುವುದೂ ಅಲ್ಲೇ.

ಹಳೇ ಕೊಕ್ಕೆ:
ಹೆಬ್ಬೆರಳೊಂದಿದ್ದರೆ ಲೋಟಕ್ಕೆ ಸಾಕು. ಕಂಪನದ ಮೋಟರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೂ ಹೆಬ್ಬೆರಳು ಸಿಗುತ್ತದೆಯೇ ಎಂದು ಮೊದಲು ಪಟ್ಟಿ ಕಟ್ಟಿ ನೋಡಿಸಿ. ಸಿಗದಿದ್ದರೆ ಸಾಕೆಟ್ಟನ್ನೇ, ಅಂದರೆ ಉಳಿದ ಕೈ ಕೂರುವ ಕವಚವನ್ನೇ, ಹೊಸದಾಗಿ ಮಾಡಬೇಕಾಗಬಹುದು. ಅದರ ಬೆಲೆಯನ್ನು ಬರವಣಿಗೆಯಲ್ಲಿ ಪಡೆಯದೆ ಮುಂಗಡ ಕೊಡಬೇಡಿ.